ಆಷಾಢದ ಐರಾಣಿ

ಆಷಾಢದಲ್ಲಿ ಐರಾಣಿ ಯಾಕೆ? ಮೊನ್ನೆಯಿಂದ ಇದೊಂದೇ ತಲೆ ಕೊರೆಯುತ್ತಿತ್ತು. ಮಗುವಿಗೆ ಹಾಲು ಕುಡಿಸುವಾಗಲೂ ನನ್ನ ಕಣ್ಣು ಕಿಟಕಿಯಾಚೆ, ಹುಲಿಗವ್ವನ ಅಂಗಳದಲ್ಲಿ ಒಣಗುತ್ತಿದ್ದ ಗಡಿಗೆಗಳ ಮೇಲೆಯೇ.

ಹುಲಿಗವ್ವ ಬೇವೂರಿನ ಕುಂಬಾರ ಮನೆಯ ಮುದುಕಿ. ಮದುವೆ ಯಾರದೇ ಇರಲಿ, ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆದ ಐರಾಣಿ ಗಡಿಗೆಗಳು ಅವಳ ಮನೆಯಿಂದ ವಾದ್ಯದೊಡನೆ ಹಂದರಕ್ಕೆ ಬಂದ ಮೇಲೆಯೇ ವಧೂವರರ ತಲೆಗೆ ಅಕ್ಕಿಕಾಳು. ಗಂಡ ಮಾರೆಪ್ಪ ತಿಗರಿ ತಿರುಗಿಸಿದರೆ ಚಿತ್ತಾರ ಇವಳದು. ಬರೆಯುವಾಗ ಸೋಬಾನೆ ಹಾಡುತ್ತಾಳೆ. ಮದುಮಗಳ ಹೆಸರು ಹಾಡಿನಲ್ಲಿ ಬಾರದಿದ್ದರೆ ಅವಳ ಕೈ ಓಡುವುದಿಲ್ಲ.

"ಯಾರ ಮದುವೆ, ಆಯಿ?" ಎಂದು ಮೊನ್ನೆಯೇ ಕೇಳಿದ್ದೆ.

"ಗಿಡಗಳ ಮದುವಿ ಯವ್ವಾ. ಬೇವಿಗೂ ಅರಳಿಗೂ. ಮಳಿ ಬರಲಂತ."

"ಗಿಡಕ್ಕೂ ಐರಾಣಿ ಬೇಕಾ?"

"ಯಾಕ ಬ್ಯಾಡ? ನಿಮ್ಮ ದಾವಣಗೆರ್ಯಾಗ ನಾಯಿಗೆ ಹುಟ್ಟಿದ ಹಬ್ಬ ಮಾಡ್ತೀರಂತ. ನಾವು ಗಿಡಕ್ಕ ಮದುವಿ ಮಾಡಿದ್ರ ತಪ್ಪನ?"

ನಗು ಬಂತು, ನಂಬಿಕೆ ಬರಲಿಲ್ಲ. ಮಳೆಗಾಗಿ ಕಪ್ಪೆಗಳಿಗೆ, ಕತ್ತೆಗಳಿಗೆ ಮದುವೆ ಮಾಡುವುದನ್ನು ಕೇಳಿದ್ದೇನೆ. ಆದರೆ ಅಂಥ ಮದುವೆಯಾದರೆ ಊರೆಲ್ಲ ಮಾತಾಡಬೇಕಲ್ಲ? ಯಾರಾದರೂ ಹಾದುಹೋದರೆ ಗಡಿಗೆಗಳ ಮೇಲೆ ಗೋಣಿತಟ್ಟು ಎಳೆಯುವುದೇಕೆ? ಮದುವೆಯ ದಿನಗಳಲ್ಲಿ ಚಿಕ್ಕ ಹುಡುಗಿಯರ ಮದುವೆ ನಡೆಯದಂತೆ ಅಂಗನವಾಡಿಯವರು, ಶಾಲೆಯವರು ಕಣ್ಣಿಟ್ಟಿರುತ್ತಾರೆ. ಮದುವೆಯೇ ಇಲ್ಲದ ಆಷಾಢದಲ್ಲಿ ಯಾರು ನೋಡುತ್ತಾರೆ?

ಇವತ್ತು ಮಜ್ಜಿಗೆ ಕೇಳುವ ನೆವದಿಂದ ಮಗುವನ್ನೆತ್ತಿಕೊಂಡು ಹೋದೆ. ಹುಲಿಗವ್ವ ಬಾಗಿಲಿಗೆ ಬೆನ್ನು ಹಾಕಿ ಬರೆಯುತ್ತಾ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಹಾಡಿನಲ್ಲಿ ಬೇವೂ ಇರಲಿಲ್ಲ, ಅರಳಿಯೂ ಇರಲಿಲ್ಲ. ಹೇಮವ್ವ ಇದ್ದಳು.

ಹೇಮಾವತಿ ಹಿಂದಿನ ಓಣಿಯ ವಿರುಪಣ್ಣನ ಮಗಳು. ಒಂಬತ್ತನೆಯ ತರಗತಿ. ಸಂಜೆ ಬಂದು ನನ್ನ ಮಗುವಿಗೆ ಚಪ್ಪಾಳೆ ಕಲಿಸುತ್ತಿದ್ದವಳು ಈ ವಾರ ಬಂದೇ ಇರಲಿಲ್ಲ.

"ಹೇಮಾನ ಮದುವೆನಾ, ಆಯಿ?"

ಅವಳ ಕೈ ನಿಂತಿತು. "ನಾ ಎಲ್ಲಿ ಅಂದೆ?"

"ಈಗ ಹಾಡಿದ್ರಲ್ಲ."

"ಸುಡ್ಲಿ ಈ ಬಾಯಿ!" ತುಟಿಗೆ ತಾನೇ ಹೊಡೆದುಕೊಂಡಳು. ಗದ್ದಕ್ಕೆಲ್ಲ ಸುಣ್ಣವಾಯಿತು. "ನಾಳೆ ಮುಂಜಾನಿ, ಹೊಲದ ಮನ್ಯಾಗ. ಯಾರಿಗೂ ಹೇಳಬ್ಯಾಡಂತ ವಿರುಪಣ್ಣ ಆಣಿ ಮಾಡಿಸ್ಯಾನ. ನಾ ಗಡಿಗಿ ಕೊಡಲ್ಲಂದ್ರ ಅಳವಂಡಿ ಕುಂಬಾರರಿಂದ ತರ್ತಾನ. ಮದುವಿ ಏನ್ ನಿಲ್ತೈತಿ?"

"ಹುಡುಗಿ ಏನಂತಾಳೆ?"

"ಅಳ್ತಾಳ. ನಾನೂ ಅತ್ತಿದ್ನಿ. ನನ್ನ ಮದುವ್ಯಾಗ ನಿದ್ದಿ ಬಂತಂತ ಸೋದರಮಾವ ನನ್ನ ಹೊತ್ಕೊಂಡ ನಿಂತಿದ್ದ." ಗಡಿಗೆಯನ್ನು ಸುಮ್ಮನೆ ಆಚೆ ಸರಿಸಿದಳು. "ನೀ ಸಾಲಿ ಕಲ್ತಾಕಿ. ಏನರ ಮಾಡಾಕಿ ಇದ್ರ ಮಾಡು. ನನ್ನ ಹೆಸರು ತಗೀಬ್ಯಾಡ."

ಹೀಗೆಂದವಳೇ ವಿರುಪಣ್ಣನಿಗೆ ಸುದ್ದಿ ಮುಟ್ಟಿಸಿದರೆ? ನನ್ನ ಗಂಡ ಕುಷ್ಟಗಿಗೆ ಕೆಲಸಕ್ಕೆ ಹೋದರೆ ಇಡೀ ದಿನ ಮನೆಯಲ್ಲಿ ನಾನು, ಮಗು ಇಬ್ಬರೇ. ಮನೆಗೆ ಬಂದು ಕದ ಹಾಕಿದೆ. ಚಿಲಕ ಬಿದ್ದಿದೆಯೋ ಎಂದು ಮತ್ತೆ ಎಳೆದು ನೋಡಿದೆ. ಮಗು ಮಲಗಿತು. 'ಅಳ್ತಾಳ' ಎಂಬ ಮಾತು ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ.

ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದೆ.

"ಬೇವೂರಿನಲ್ಲಿ ನಾಳೆ ಬೆಳಿಗ್ಗೆ ಒಂದು ಹುಡುಗಿಯ ಮದುವೆ ಇದೆ. ಒಂಬತ್ತನೇ ಕ್ಲಾಸು."

"ನಿಮಗೆ ಯಾರು ಹೇಳಿದ್ರು, ಮೇಡಂ?"

"ಯಾರೂ ಹೇಳಿಲ್ಲ. ನಾನೇ ಕೇಳಿಸ್ಕೊಂಡೆ."

"ನಿಮ್ಮ ಹೆಸರು ಹೊರಗ ಬರಂಗಿಲ್ರಿ. ಹುಡುಗಿ ಹೆಸರು ಹೇಳ್ರಿ."

ನಂಬಲೋ ಬೇಡವೋ ತಿಳಿಯದು. ಆದರೂ ಹೇಳಿದೆ.

"ಹೇಮಾವತಿ. ವಿರುಪಣ್ಣನ ಮಗಳು. ಇವತ್ತೇ ಬನ್ನಿ."