ಶಾಲು ಹೊದಿಸಿದ ಮಧ್ಯಾಹ್ನ

ಹವಾಮಾನ ಬದಲಾವಣೆ ಎದುರಿಸಲು ರಾಜ್ಯಕ್ಕೊಂದು ಕಾನೂನು ಬೇಕೆಂದು ನಮ್ಮ ಸುತ್ತಿನ ಮಠ, ದರ್ಗಾ, ಬುದ್ಧವಿಹಾರದವರು ಒಂದಾಗಿದ್ದರು. ಶಿಗ್ಗಾವಿಗೆ ಬರುವ ಮಂತ್ರಿಗಳು ನಮ್ಮ ಮನವಿ ಕೇಳಲು ಅರ್ಧ ಗಂಟೆ ಕೊಟ್ಟಿದ್ದರು. ಕಾರ್ಯಕ್ರಮದ ನಿರೂಪಣೆ ನನ್ನದು. ನಿವೃತ್ತ ಮಾಸ್ತರ ನಾನು, ಮೈಕು ಸಿಕ್ಕರೆ ಬಿಡುವವನಲ್ಲ.

ಹುಲಗೂರಿನಿಂದ ದರ್ಗಾದ ಹಿರಿಯರೊಬ್ಬರು ಒಂದೇ ಮಾತು ಹೇಳಲು ಬಂದಿದ್ದರು. ಬೇಸಿಗೆಯಲ್ಲಿ ಕೂಲಿಯವನೊಬ್ಬ ಹೊಲದಲ್ಲೇ ಕುಸಿದು ಸತ್ತಾಗ ದಫನಕ್ಕೆ ಮುಂಚೆ ಅವನ ಮೈ ತೊಳೆದವರು ಇವರೇ. ಉರಿಬಿಸಿಲಿನಲ್ಲಿ ಕೆಲಸ ನಿಲ್ಲಿಸುವ ನಿಯಮ ಆ ಕಾನೂನಿನಲ್ಲಿರಲಿ ಎಂಬುದು ಅವರ ಬೇಡಿಕೆ.

ನಾನು ಮೊದಲು ಸನ್ಮಾನ ಇಟ್ಟುಕೊಂಡೆ. ಮಂತ್ರಿಗಳಿಗೆ, ಅವರ ಜೊತೆ ಬಂದವರಿಗೆ, ವೇದಿಕೆ ಮೇಲಿದ್ದ ಎಲ್ಲರಿಗೂ ಶಾಲು, ಹಾರ, ತಲಾ ನಾಲ್ಕು ಹೊಗಳಿಕೆ. ಯಾರನ್ನು ಬಿಟ್ಟರೂ ಮುನಿಸಿಕೊಂಡಾರೆಂಬ ಹೆದರಿಕೆ ನನಗೆ. ಕೊನೆಯ ಶಾಲು ಹೊದಿಸುವಷ್ಟರಲ್ಲಿ ಅರ್ಧ ಗಂಟೆ ಮುಗಿದಿತ್ತು. ಮಂತ್ರಿಗಳು ಮನವಿ ಹಿಡಿದು ಫೋಟೊ ತೆಗೆಸಿಕೊಂಡು ಹೊರಟರು.

“ನಿಮ್ಮ ಮಾತು ಹಂಗ ಉಳೀತ್ರಿ,” ಎಂದೆ ಹಿರಿಯರಿಗೆ, ತಲೆ ತಗ್ಗಿಸಿ.

“ಇರಲಿ ಬಿಡ್ರಿ,” ಎಂದು ಅವರು ನಾನೇ ಹೊದಿಸಿದ್ದ ದಪ್ಪ ಶಾಲನ್ನು ಮುಟ್ಟಿ ಕೇಳಿದರು: “ಇನ್ನ ಇದನ್ನ ತಗೀಲೇನ್ರಿ ಮಾಸ್ತರ? ಭಾಳ ಶಕಿ ಆಗಾಕತ್ತೈತಿ.”