ಪಕ್ಕದ ಮನೆಯ ಬಿಸಿನೀರು

ಪಕ್ಕದ ಮನೆ ಹನುಮಕ್ಕನಿಗೆ ಹೋದ ವರ್ಷದಿಂದ ನೀರು ಕಾಯಿಸುವುದೇ ಕಸುಬು. ದೊಡ್ಡಬಳ್ಳಾಪುರದ ಬಸ್ಸಿಳಿದು ಬಂದ ನೆಂಟರಿಗೆ ಮೊದಲು ಸೋಪು, ಆಮೇಲೆ ಚಾಪೆ. ದೇವರ ಮುಂದೆಯೂ ಕಾಯಿಸಿ ಆರಿಸಿದ ನೀರನ್ನೇ ಇಡುತ್ತಾಳೆ. "ಬಾಯಿ ಸುಡ್ತೈತೆ ಕಣೇ, ನಾನೇನು ಕಾಫಿ ಕೇಳಿದ್ನಾ?" ಎಂದು ಅವಳ ಗಂಡ ಅಪ್ಪಯ್ಯಣ್ಣ ದಿನಾ ಬೈಯುತ್ತಾನೆ. ಆ ಬೈಗುಳ ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೋದ ವರ್ಷ ಬೀದಿಯ ಪೈಪು ಒಡೆದು ಚರಂಡಿ ನೀರು ಸೇರಿದಾಗ ಅವಳ ಗಂಡನಿಗೂ ನನ್ನ ಗಂಡನಿಗೂ ಒಂದೇ ದಿನ ವಾಂತಿಭೇದಿ ಶುರುವಾಯಿತು. ಅವಳು ಓಆರ್‌ಎಸ್ ಪುಡಿ ಕಲಸಿ, ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನೀರು ಕುಡಿದರೆ ಭೇದಿ ಹೆಚ್ಚುತ್ತದೆ ಎಂದು ನಾನು ನಂಬಿದ್ದೆ. ನಮ್ಮ ಯಜಮಾನರು "ಒಂದೇ ಒಂದು ಲೋಟ ಕೊಡೇ" ಎಂದು ಕೈ ಚಾಚಿದರು. ಕೊಡಲಿಲ್ಲ. ಸಂಜೆಗೆ ಹೋಗಿಬಿಟ್ಟರು. ಈಗ ಹನುಮಕ್ಕ ಬೀದಿಯ ಹೆಂಗಸರನ್ನೆಲ್ಲಾ ನಿಲ್ಲಿಸಿ ಪಾಠ ಹೇಳುತ್ತಾಳೆ: "ಕೈ ತೊಳ್ಕೊಳ್ರೇ, ನೀರು ಕಾಯ್ಸಿ ಕುಡೀರೇ, ಭೇದಿ ಆದೋರಿಗೆ ನೀರು ಕೊಡೋದು ಮಾತ್ರ ನಿಲ್ಲಿಸ್ಬೇಡ್ರೇ." ನಾನು ಹತ್ತಿರ ಬಂದರೆ ಆ ಕೊನೆಯ ಮಾತನ್ನು ನುಂಗಿಕೊಂಡು, "ಊಟ ಆಯ್ತೇನಕ್ಕಾ?" ಅನ್ನುತ್ತಾಳೆ.