ನಾನು ಕ್ಷಮಿಸಿದ ಬಾಪೂ ಕಾಕಾ

ಬಾಪೂ ಕಾಕಾ ಗಡಿಯಾರ ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಬಿಸಿಲು ನೋಡುತ್ತಿದ್ದರು. ವಿಶ್ರಾಮಬಾಗದ ನಾನು ಗುಮಾಸ್ತೆಯಾಗಿದ್ದ ಸಹಕಾರಿ ಪತ್ತಿನ ಸೊಸೈಟಿಗೆ ಬಂದು ಎಷ್ಟೇ ಹರಟುತ್ತಿರಲಿ, ಬಿಸಿಲು ಕ್ಯಾಲೆಂಡರಿನ ಮೊಳೆ ಮುಟ್ಟಿತೆಂದರೆ ಎದ್ದುಬಿಡುತ್ತಿದ್ದರು. "ಬರ್ತೀನಿ ತಂಗಿ, ಹೊತ್ತು ಮುಳುಗಿದ್ರ ನಮ್ಮಾಕಿ ತಾಟು ತೊಳದ ಇಟ್ಟಬಿಡ್ತಾಳ." ಜೈನರು, ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದವರು.

ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆಯ ಶೆಡ್ಡು, ಅದರಲ್ಲೊಂದು ಕಬ್ಬಿಣ ಕಡೆಯುವ ಲೇಥು, ಎಷ್ಟು ತೊಳೆದರೂ ಉಗುರಿನಿಂದ ಹೋಗದ ಗ್ರೀಸು. ಅರ್ಧ ಆಯುಷ್ಯ ದುಡಿದ ಆ ಶೆಡ್ಡನ್ನು ಮಾಲೀಕ ಅವರಿಗೇ ಮಾರಲು ಒಪ್ಪಿದ್ದ. ಬ್ಯಾಂಕು ಮಾತ್ರ ಸಾಲ ಕೊಡಲಿಲ್ಲ. ಕ್ರೆಡಿಟ್ ರಿಪೋರ್ಟಿನಲ್ಲಿ ನಮ್ಮ ಸೊಸೈಟಿಯ ತೀರದ ಟ್ರ್ಯಾಕ್ಟರ್ ಸಾಲವೊಂದು ಅವರ ಹೆಸರಿಗಿತ್ತು. ಕಾಗದ ಹಿಡಿದು ನನ್ನ ಮೇಜಿಗೆ ಬಂದರು.

"ಏನ ತಂಗಿ ಇದು? ನಾ ಯಾವಾಗ ಟ್ರ್ಯಾಕ್ಟರ್ ತಗೊಂಡೇನಿ? ಸೈಕಲ್ಲಿಗೂ ಸಾಲಾ ಮಾಡಿದಾಂವ ಅಲ್ಲ ನಾ!"

ಫೈಲು ತೆಗೆದು ನೋಡಿದೆ. ಟ್ರ್ಯಾಕ್ಟರಿನವನು ಇವರದೇ ಹೆಸರಿನ ಇನ್ನೊಬ್ಬ ಸದಸ್ಯ. ಎರಡೂ ಫೈಲು ಎದುರಿಗಿಟ್ಟುಕೊಂಡು ಅವನ ಸಾಲಕ್ಕೆ ಇವರ ಪ್ಯಾನ್ ನಂಬರು ತುಂಬಿದವಳು ನಾನೇ.

"ಕಂಪ್ಯೂಟರಿಂದ ಗಡಬಡ ಆಗೇತ್ರಿ ಕಾಕಾ" ಎಂದೆ. ಹಾಳಾದ ನಾಲಗೆ! ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಂದೇ ತಪ್ಪೊಪ್ಪಿಕೊಂಡು ಮ್ಯಾನೇಜರ್ ಸಾಹೇಬರ ಸಹಿ ಮಾಡಿಸಿ ತಿದ್ದುಪಡಿ ಕಳಿಸಿದ್ದರೆ ಶೆಡ್ಡು ಉಳಿಯುತ್ತಿತ್ತು. ಬದಲಿಗೆ ಅವರಿಂದಲೇ ಅರ್ಜಿ ಬರೆಸಿದೆ, ಆಧಾರ್ ತರಲು ಹೇಳಿದೆ, ಸೋಮವಾರ ಬನ್ನಿ ಎಂದೆ.

ಒಂದು ಸಂಜೆ "ಸಾಹೇಬ್ರ ಸಹಿ ಆಗಬೇಕ್ರಿ, ಕುಂದ್ರಿ" ಎಂದು ಕೂರಿಸಿದೆ. ಸಾಹೇಬರ ಮುಂದೆ ಅರ್ಜಿ ಇಡಲು ನನಗೆ ಧೈರ್ಯವೇ ಇಲ್ಲ. ಬಿಸಿಲು ಮೊಳೆ ದಾಟಿತು, ಗೋಡೆಯನ್ನೇ ಬಿಟ್ಟಿತು. ಆಗ ಕಾಕಾ ಮೊದಲ ಸಲ ಸಿಟ್ಟಾದರು. "ನಿಮಗ ಇದು ಬರೇ ಕಾಗದ! ನನಗ ಅದ ಅನ್ನ ಐತಿ!" ಆ ರಾತ್ರಿ ಅವರು ಉಪವಾಸ ಮಲಗಿದರು. ನಾನು ಉಂಡೆ.

ಕೊನೆಗೆ ಅರ್ಜಿಯನ್ನು ಬೇರೆ ಕಾಗದಗಳ ನಡುವೆ ಸೇರಿಸಿ ಸಾಹೇಬರ ಸಹಿ ಪಡೆದೆ. ರಿಪೋರ್ಟು ಸರಿಯಾಗುವ ಹೊತ್ತಿಗೆ ಶೆಡ್ಡು ಬೇರೆಯವರ ಪಾಲಾಗಿತ್ತು. ಕಾಕಾ ಲೇಥು ಮಾರಿ ಮಿರಜೆಯಲ್ಲಿ ಇನ್ನೊಬ್ಬರ ವರ್ಕ್‌ಶಾಪಿಗೆ ಕೂಲಿಗೆ ಸೇರಿದರು.

ಭಾದ್ರಪದದಲ್ಲಿ ತಮ್ಮ ಪರ್ವ ಮುಗಿದ ಮೇಲೆ ಜೈನರು ಕಂಡವರ ಬಳಿಯೆಲ್ಲ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಆ ದಿನ ಕಾಕಾ ಬಂದರು. ಟೋಪಿ ತೆಗೆದು, ನನ್ನ ಮುಂದೆ ಕೈಜೋಡಿಸಿ ನಿಂತರು.

"ಉತ್ತಮ ಕ್ಷಮಾ, ತಂಗಿ. ಅವತ್ತ ನಿನ್ನ ಮ್ಯಾಲ ಒದರಿದ್ನಿ. ನೀ ಪಾಪ, ನನ್ನ ಸಲುವಾಗಿ ಎಷ್ಟ ಓಡಾಡಿದಿ. ಮಾಫ್ ಮಾಡವ್ವಾ."

ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿರಲಿಲ್ಲ. ಬಾಯಿ ತೆರೆದೆ. ಒಳಗಿನ ಕೋಣೆಯಲ್ಲಿ ಸಾಹೇಬರು ಕೆಮ್ಮಿದರು.

"ಇರ್ಲಿ ಬಿಡ್ರಿ ಕಾಕಾ, ನಾ ಏನೂ ಮನಸಿಗೆ ಹಚ್ಚಿಕೊಂಡಿಲ್ಲ" ಎಂದೆ.

ಕಾಕಾ ಟೋಪಿ ಹಾಕಿಕೊಂಡು, ಗೋಡೆಯ ಬಿಸಿಲು ನೋಡಿ ಹೊರಟರು. ಮುಂದಿನ ವರ್ಷ ಅದೇ ದಿನ ನಾನೇ ಅವರ ಮನೆಗೆ ಹೋಗಿ ಎಲ್ಲ ಹೇಳಬೇಕೆಂದುಕೊಂಡಿದ್ದೆ. ಚಳಿಗಾಲ ಮುಗಿಯುವ ಮೊದಲೇ ಕಾಕಾ ತೀರಿಕೊಂಡರು. ನನ್ನ ನೌಕರಿ ಕಾಯಂ ಆಯಿತು. ಅವರು ಮಾತ್ರ, ನಾನು ಅವರನ್ನು ಕ್ಷಮಿಸಿದೆನೆಂಬ ಸಮಾಧಾನದಲ್ಲೇ ಹೋದರು.